ಹಂಚು ಒಡೆಯದಂತೆ ಕಾರು ಓಡಿಸಿದವನು

ಪುಂಡಲೀಕ ಬೇರೆಯವರ ಗಾಡಿಯಲ್ಲಿ ಕೂತರೆ ಹಂಚು ಎಣಿಸುತ್ತಿದ್ದ. ಬಸ್ಸಾಗಲಿ, ಆಟೋ ಆಗಲಿ, ಮದುವೆ ಮಂದಿಯ ಟೆಂಪೋ ಆಗಲಿ, ಡ್ರೈವರ್ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದರೆ ಸಾಕು, ಕಣ್ಣು ಮುಚ್ಚಿಕೊಂಡೇ "ಹೋದೂ, ನಾಕ ಹಂಚ ಹೋದೂ" ಅನ್ನುತ್ತಿದ್ದ. ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಬರುವಾಗ ದೇಸೂರು ದಾಟುವುದರೊಳಗೆ ಅರ್ಧ ಮನೆಯ ಹಂಚು ಹೋಗಿರುತ್ತಿತ್ತು. ಪೀರನವಾಡಿ ಮುಟ್ಟುವ ಹೊತ್ತಿಗೆ "ಮಾಸ್ತರ, ಪೂರ್ತಾ ಮನಿ ಬೋಳ ಆತು" ಎಂದು ಪಕ್ಕದಲ್ಲಿ ಕೂತ ನನಗೆ ಹೇಳಿ ನಿಟ್ಟುಸಿರು ಬಿಡುತ್ತಿದ್ದ. ಒಮ್ಮೆ ಕಂಡಕ್ಟರ್ ಬಂದು, "ಏನ ಎಣಸಾಕತ್ತೀರಿ ಕಾಕಾ?" ಎಂದು ಕೇಳಿದ. "ನಿಮ್ಮ ಡ್ರೈವರ್ ಸಾಹೇಬ್ರು ಒಡದದ್ದನ್ನ" ಎಂದ ಪುಂಡಲೀಕ. ಕಂಡಕ್ಟರಿಗೆ ಅರ್ಥವಾಗಲಿಲ್ಲ. ನಾನು ನಗು ತಡೆಯಲಾಗದೆ ಕಿಟಕಿಯ ಕಡೆ ಮುಖ ತಿರುಗಿಸಿದೆ.

ಹಂಚಿನ ಕತೆ ಹೀಗಿದೆ. ಖಾನಾಪುರದಲ್ಲಿ ಅವನ ಅಪ್ಪನದು ಹಂಚಿನ ಭಟ್ಟಿ. ಭಟ್ಟಿಯಿಂದ ಇಳಿದ ಹಂಚನ್ನು ಲಾರಿಯಲ್ಲಿ ತುಂಬಿ ಬೆಳಗಾವಿಗೋ, ಜಾಂಬೋಟಿಯ ಕಡೆಯ ಹಳ್ಳಿಗಳಿಗೋ ಮುಟ್ಟಿಸುವುದು ಪುಂಡಲೀಕನ ಕೆಲಸ. ಕೆಟ್ಟ ರಸ್ತೆ, ಘಟ್ಟದ ತಿರುವು, ವರ್ಷದ ಅರ್ಧ ಭಾಗ ಮಳೆ. ಗಕ್ಕನೆ ಬ್ರೇಕ್ ಹಾಕಿದರೆ ಹಿಂದೆ ಟಕ್ ಟಕ್ ಅಂತ ಹಂಚು ಒಡೆಯುವ ಸದ್ದು. ಊರು ಮುಟ್ಟಿ ಹಂಚು ಇಳಿಸುವಾಗ ಅಪ್ಪನಿಂದ ಸಹಸ್ರನಾಮ. ಹೀಗೆ ಬೈಸಿಕೊಂಡು ಬೈಸಿಕೊಂಡು ಅವನ ಕೈಕಾಲಿಗೆ ಒಂದು ಗುಣ ಬಂತು. ಅವನು ಬ್ರೇಕ್ ಹಾಕಿದ್ದು, ಗೇರ್ ಬದಲಿಸಿದ್ದು ಒಳಗೆ ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ.

ನಾನು ಅವನ ಕೈಗೆ ಸಿಕ್ಕಿದ್ದು ಆ ಲಾರಿಯಲ್ಲೇ. ಖಾನಾಪುರದ ಹೈಸ್ಕೂಲಿಗೆ ಗಣಿತದ ಮಾಸ್ತರನಾಗಿ ಹೋಗಿದ್ದೆ. ಶನಿವಾರ ಬೆಳಗಾವಿಯ ಬಸ್ಸು ತಪ್ಪಿ, ಸಿಟ್ಟಿನಲ್ಲಿ ಬಸ್ಸಿನವರ ವಂಶವನ್ನೆಲ್ಲ ಬೈಯುತ್ತ ನಿಂತಿದ್ದವನ ಮುಂದೆ ಲಾರಿ ನಿಂತಿತು. "ಹತ್ರಿ ಮಾಸ್ತರ್ರ, ಎಷ್ಟ ಬೈತೀರಿ" ಎಂದ. ಹತ್ತಿದವನಿಗೆ ನಿದ್ದೆ ಹತ್ತಿಬಿಟ್ಟಿತು. ಎಚ್ಚರಾದಾಗ ಲಾರಿ ಬೆಳಗಾವಿಯಲ್ಲಿತ್ತು. ಪುಂಡಲೀಕ ಸ್ಟೀರಿಂಗಿನ ಮೇಲೆ ಗದ್ದ ಊರಿ ನನ್ನನ್ನೇ ನೋಡುತ್ತಿದ್ದ. "ನಿದ್ದಿ ಹತ್ತಿತ್ತಲ್ಲ, ಅದ ನನ್ನ ಸರ್ಟಿಫಿಕೇಟ್" ಎಂದ. ಮುಂದಿನ ವಾರದಿಂದ "ರೀ" ಬಿಟ್ಟ. ನಾನೂ ಬಿಟ್ಟೆ.

ಇಂಥವನು ರೇಸಿನ ಡ್ರೈವರನಾದ ಎಂದರೆ ಯಾರೂ ನಂಬುತ್ತಿರಲಿಲ್ಲ. ರೇಸು ಅಂದರೆ ಆ ಮೂತಿ ಚೂಪಾದ, ಒಬ್ಬನೇ ಕೂರುವ ಗಾಡಿಗಳದ್ದಲ್ಲ. ನಮ್ಮ ನಿಮ್ಮ ಮನೆಯ ಮುಂದೆ ನಿಲ್ಲುವಂಥ ನಾಲ್ಕು ಬಾಗಿಲಿನ ಕಾರುಗಳದ್ದು. ಪುಂಡಲೀಕನದು ಕುಂಬಳಕಾಯಿ ಬಣ್ಣದ ಹಳೆಯ ಕಾರು. ಅದೇ ಕಾರಿನಲ್ಲಿ ಸಂತೆ, ಅದೇ ಕಾರಿನಲ್ಲಿ ಬೀಗರ ಮನೆ, ಅದೇ ಕಾರಿನಲ್ಲಿ ರೇಸು. ರೇಸಿನ ದಿನ ಹತ್ತಿರ ಬಂದರೆ ಭಾರ ಕಡಿಮೆಯಾಗಲೆಂದು ಹಿಂದಿನ ಸೀಟು ಕಿತ್ತು ಪಡಸಾಲೆಯಲ್ಲಿ ಇಡುತ್ತಿದ್ದ. ಬಂದ ಮಂದಿಗೆ "ಬರ್ರಿ, ಸೋಫಾದ ಮ್ಯಾಲ ಕುಂದರ್ರಿ" ಎನ್ನುತ್ತಿದ್ದ. ಗೆದ್ದು ತಂದ ಕಪ್ಪುಗಳಲ್ಲಿ ದೊಡ್ಡದರಲ್ಲಿ ಅವನ ಹೆಂಡತಿ, ನನಗೆ ಅತ್ತಿಗೆಯಂತಿದ್ದ ಶಾಂತಾ ವಹಿನಿ, ಬೆಳ್ಳುಳ್ಳಿ ಇಡುತ್ತಿದ್ದರು. ಗಾಳಿ ಆಡುತ್ತದೆ, ಕೊಳೆಯುವುದಿಲ್ಲ ಎನ್ನುವುದು ಅವರ ಲೆಕ್ಕ.

ರೇಸಿನಲ್ಲಿ ಉಳಿದವರ ಗಾಡಿಗಳು ತಿರುವಿನಲ್ಲಿ ಕಿರ್ರೆಂದು ಚೀರುತ್ತ, ಹೊಗೆ ಎಬ್ಬಿಸುತ್ತ ಹೋಗುತ್ತಿದ್ದವು. ನೋಡುವವರು ಅವರಿಗೇ ಚಪ್ಪಾಳೆ ಹೊಡೆಯುತ್ತಿದ್ದರು. ಇವನ ಗಾಡಿ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಿತ್ತು. ನಾಲ್ಕಾರು ಸುತ್ತು ಆದಮೇಲೆ ನೋಡಿದರೆ ಇವನೇ ಮುಂದೆ. ಊರೊಳಗೆ ಮಾತ್ರ ಅವನಷ್ಟು ನಿಧಾನ ಓಡಿಸುವವರು ಇನ್ನೊಬ್ಬರಿರಲಿಲ್ಲ. ಬೆಳಗಾವಿಯ ಕಾಲೇಜು ರಸ್ತೆಯಲ್ಲಿ ಸ್ಕೂಟಿಯ ಹುಡುಗಿಯರು ಹಾರ್ನ್ ಹೊಡೆದು, ತಿರುಗಿ ನೋಡಿ, ಬೈದು ಮುಂದೆ ಹೋಗುತ್ತಿದ್ದರು. "ಹೋಗಲಿ ಬಿಡೋ, ಪಾಪ, ಅವಸರ ಇರ್ತೈತಿ" ಎನ್ನುತ್ತಿದ್ದ ಈ ಮಹಾರಾಯ!

ರೇಸಿನಲ್ಲಿ ನನ್ನ ಕೆಲಸ ಏನು ಅಂದರೆ, ಗೋಡೆಯ ಪಕ್ಕ ನಿಂತು ಬೋರ್ಡು ತೋರಿಸುವುದು. ಒಳಗೆ ಕೂತ ಡ್ರೈವರನಿಗೆ ತಾನು ಎಷ್ಟನೆಯವನು, ಇನ್ನೆಷ್ಟು ಸುತ್ತು ಉಳಿದಿದೆ, ಹಿಂದಿನವನು ಎಷ್ಟು ಹತ್ತಿರ ಇದ್ದಾನೆ ಎಂಬುದು ಗೊತ್ತಾಗುವುದಿಲ್ಲ. ಸುತ್ತಿಗೊಮ್ಮೆ ನಮ್ಮ ಮುಂದೆ ಹಾದು ಹೋಗುವಾಗ ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಉಳಿದವರ ಬಳಿ ಅಂಕಿ ಸಿಕ್ಕಿಸುವ ಚಂದದ ಬೋರ್ಡುಗಳಿದ್ದವು. ನಮ್ಮ ಬಳಿ ಇದ್ದದ್ದು ಮಣೆ. ಪುಂಡಲೀಕನ ಮದುವೆಯಲ್ಲಿ ಸುರಗಿಯ ನೂಲು ಸುತ್ತಿ ಗಂಡು ಹೆಣ್ಣಿಗೆ ಅರಿಷಿಣದ ನೀರು ಹಾಕುವಾಗ ಇಬ್ಬರೂ ಕೂತ ಅಗಲವಾದ ಸಾಗವಾನಿ ಮಣೆ. ಅದಕ್ಕೆ ಕಪ್ಪು ಬಣ್ಣ ಬಳಿದು ನನ್ನ ಕೈಗೆ ಕೊಟ್ಟಿದ್ದ. ವಹಿನಿ ಅಂದು ಮಾಡಿದ ರಂಪ ಏನು ಹೇಳಲಿ! "ಮಾಸ್ತರ್ರ, ನಾ ಅರಿಷಿಣ ಹಚಗೊಂಡ ಕುಂತ ಮಣಿರೀ ಅದು! ಇವರಿಗಂತೂ ಬುದ್ಧಿ ಇಲ್ಲ, ಸಾಲಿ ಕಲಸವರು ನಿಮಗರ ಬ್ಯಾಡೇನ್ರಿ?" ಪುಂಡಲೀಕ ಮೆಲ್ಲಗೆ, "ಮಣಿ ಮ್ಯಾಲ ಕುಂತ ಮ್ಯಾಲ ಅಲ್ಲೇನ ನನ್ನ ರೇಸ್ ಸುರು ಆದದ್ದು" ಎಂದ. ವಹಿನಿ ನಗಬಾರದೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಮದ್ರಾಸಿನ ಕಡೆಯ ಹಳೆಯ ವಿಮಾನಪಟ್ಟಿಯಲ್ಲಿ ಮೊದಲ ರೇಸು. ನಾನು ಜಾಣತನ ಮಾಡಲು ಹೋದೆ. ಪಕ್ಕದವರು ನಮ್ಮ ಬೋರ್ಡು ಓದಿ ತಮ್ಮವನಿಗೆ ಹೇಳುತ್ತಾರೆ ಎಂದು ಅಂಕಿಗಳನ್ನು ಕನ್ನಡದಲ್ಲಿ ಬರೆದೆ. ಬೆಂಗಳೂರಿನವರೂ ಇದ್ದರಲ್ಲ ಎಂದು ಕೇಳಬೇಡಿ. ಅವರಿಗೆ ಕನ್ನಡ ಅಂಕಿ ಬರುವುದಿಲ್ಲವೆಂದು ನಾನೇ ಮುಂಚೆ ಪರೀಕ್ಷೆ ಮಾಡಿ ನೋಡಿದ್ದೆ. ಆದರೆ ನಮ್ಮವನನ್ನು ಪರೀಕ್ಷೆ ಮಾಡುವುದು ಮರೆತಿದ್ದೆ. ಪುಂಡಲೀಕ ಖಾನಾಪುರದ ಮರಾಠಿ ಶಾಲೆಯಲ್ಲಿ ಕಲಿತವನು. ಮನೆಯಲ್ಲಿ ಕನ್ನಡ, ಭಟ್ಟಿಯಲ್ಲಿ ಎರಡೂ, ಪುಸ್ತಕದಲ್ಲಿ ಮರಾಠಿ. ರೇಸು ಮುಗಿಸಿ ಇಳಿದವನೇ, "ಏನ ಕಾಗಿ ಗುಬ್ಬಿ ಚಿತ್ರಾ ತಗದಿಯೋ ಮಾಸ್ತರ? ನಾ ಎಷ್ಟನೇದಾಂವ ಬಂದ್ನಿ ಅದರ ಹೇಳು!" ಎಂದ. ನಾಲ್ಕನೆಯವನು ಎಂದೆ. ಇನ್ನೂ ಸುತ್ತು ಉಳಿದಿವೆ ಎಂದುಕೊಂಡು ಕೊನೆಯಲ್ಲಿ ಜೋರು ಮಾಡದೆ ಕುಳಿತಿದ್ದನಂತೆ.

ಇಂಗ್ಲಿಷ್ ಅಂಕಿ ಬರೆದರೆ ಆಗುತ್ತಿತ್ತು. ಆದರೆ ಅವನಿಗೆ ಹಟ. ಊರಿಗೆ ಬಂದು ಕನ್ನಡ ಅಂಕಿ ಕಲಿತ. ನಾನು ಭಟ್ಟಿಯ ಕಾಂಪೌಂಡಿನ ಪಕ್ಕ ಮಣೆ ಹಿಡಿದು ನಿಲ್ಲುವುದು, ಅವನು ಕಾರಿನಲ್ಲಿ ಹಾದು ಹೋಗುತ್ತ "ಏಳು!", "ಒಂಬತ್ತು!" ಎಂದು ಕೂಗುವುದು. ತಪ್ಪಿದರೆ ನಾನು ತಲೆ ಅಲ್ಲಾಡಿಸುತ್ತಿದ್ದೆ, ಅವನು ಮತ್ತೆ ಸುತ್ತು ಹಾಕಿ ಬರುತ್ತಿದ್ದ. ಹಂಚು ಒಣಗಿಸಲು ಹರಡುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಹೈಸ್ಕೂಲಿನ ಹೆಡ್ ಮಾಸ್ತರರು ನನ್ನನ್ನು ಕರೆದು, "ಏನ್ರಿ, ಆರಾಮ ಇದ್ದೀರಲ್ಲಾ?" ಎಂದು ಕೇಳಿದರು.

ಬೋರ್ಡಿನ ವಿಷಯದಲ್ಲಿ ಅವನದೊಂದು ಕಟ್ಟಪ್ಪಣೆ ಇತ್ತು. ಒಮ್ಮೆ ಪಕ್ಕದಲ್ಲಿ ನಿಂತ ಹಿತೈಷಿಯೊಬ್ಬರು, "ಹಿಂದಿನವನು ಹತ್ತಿರ ಬಂದಿದ್ದಾನೆ ಅಂತ ಬರೆಯಿರಿ, ಹೆದರಿ ಜೋರಾಗಿ ಓಡಿಸುತ್ತಾನೆ" ಎಂದು ನನಗೆ ಉಪದೇಶ ಮಾಡಿದರು. ನಾನು ಒಪ್ಪಲಿಲ್ಲ. ಆಮೇಲೆ ಪುಂಡಲೀಕನಿಗೆ ಹೇಳಿದಾಗ ಅವನ ಮುಖ ಗಂಭೀರವಾಯಿತು. "ಮಾಸ್ತರ, ಒಳಗ ಕುಂತಾಂವಗ ಏನೂ ಕಾಣಸೂದಿಲ್ಲ. ನೀ ತೋರಿಸಿದ್ದ ಖರೇ ಅಂತ ಹೊಂಟಿರ್ತೀನಿ. ಕೆಟ್ಟದ್ದಿದ್ರ ಕೆಟ್ಟದ್ದ ಬರಿ. ನನ್ನ ಚಲೋಕ್ಕಂತ ಒಂದ ಸುಳ್ಳ ಬರದಿ ಅಂದ್ರ ಅವತ್ತ ನಮ್ಮಿಬ್ಬರದೂ ಮುಗೀತು." ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅವನು ಮಾತಿನಂತೆ ನಡೆದ. ಒಂದು ರೇಸಿನಲ್ಲಿ ಅವನೇ ಎಲ್ಲರಿಗಿಂತ ಮುಂದಿದ್ದ, ಹಿಂದಿನವನು ಕಣ್ಣಿಗೂ ಬೀಳದಷ್ಟು ದೂರ. ನನ್ನ ಮುಂದೆ ಹಾದು ಹೋದಾಗ ಹಿಂದಿನ ಬಲಗಾಲಿ ಒಂದಿಷ್ಟು ಅಲುಗಿದಂತೆ ಕಂಡಿತು. ಕಂಡಿತೋ, ನನ್ನ ಭ್ರಮೆಯೋ? ಮಣೆಯ ಮೇಲೆ ದೊಡ್ಡದಾಗಿ "ಬಾ" ಎಂದು ಬರೆದೆ. ಸುತ್ತ ನಿಂತವರು "ಹುಚ್ಚೇನ್ರಿ ನಿಮಗೆ, ಗೆಲ್ಲಾಕತ್ತಾನ!" ಎಂದು ಮೈಮೇಲೆ ಬಂದರು. ಮುಂದಿನ ಸುತ್ತಿನಲ್ಲಿ ಅದನ್ನು ನೋಡಿದ ಪುಂಡಲೀಕ ಒಂದು ಕ್ಷಣವೂ ಅನುಮಾನಿಸದೆ ವೇಗ ಇಳಿಸಿ, ಆ ಸುತ್ತು ಮುಗಿಸಿ ಒಳಗೆ ಬಂದು ನಿಂತ. ಜಾಕ್ ಏರಿಸಿದೆವು. ಗಾಲಿ ಕೈಗೇ ಬಂತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, "ಚಾ ಎಲ್ಲಿ ಸಿಗತೈತಿ?" ಎಂದು ಕೇಳಿದ. ಆ ದಿನದ ಬಗ್ಗೆ ನಾವು ಮತ್ತೆ ಮಾತಾಡಲೇ ಇಲ್ಲ.

ವಯಸ್ಸಾಯಿತು, ರೇಸು ನಿಂತಿತು. ಹಂಚು ಕೊಳ್ಳುವವರಿಲ್ಲದೆ ಭಟ್ಟಿಯೂ ನಿಂತಿತು. ನಾನು ಬೆಳಗಾವಿಗೆ ವರ್ಗವಾಗಿ, ಟಿಳಕವಾಡಿಯಲ್ಲಿ ಸಣ್ಣ ಮನೆ ಮಾಡಿಕೊಂಡು, ನಿವೃತ್ತನೂ ಆದೆ. ನನಗೆ ಮದುವೆಯಾಗಲಿಲ್ಲ. ಕಾರಣ ಕೇಳಬೇಡಿ, ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ. ಪುಂಡಲೀಕನಿಗೆ ಮಕ್ಕಳಾಗಲಿಲ್ಲ. ಹಾಗಾಗಿ ರವಿವಾರದ ಊಟ ಖಾನಾಪುರದಲ್ಲೇ ಎಂದು ತಾನಾಗಿ ಗೊತ್ತಾಗಿಬಿಟ್ಟಿತ್ತು. ವಹಿನಿ ನಾನು ಬರುವ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಯಲು ಕೂರುತ್ತಿದ್ದರು. ತಡವಾದರೆ ಬೈಯುತ್ತಿದ್ದರು. ಬೈಯುವವರು ಒಬ್ಬರಿದ್ದಾರೆ ಎನ್ನುವುದೇ ನನಗೆ ದೊಡ್ಡ ಸಮಾಧಾನವಾಗಿತ್ತು.

ಆಮೇಲೆ ಅವನಿಗೆ ಹೊಟ್ಟೆನೋವು ಸುರುವಾಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ತಪಾಸಣೆಗಳೆಲ್ಲ ಮುಗಿದ ಮೇಲೆ ಡಾಕ್ಟರು ವಹಿನಿಯನ್ನೂ ನನ್ನನ್ನೂ ಒಳಗೆ ಕರೆದರು. ಗಡ್ಡೆ ಎಂದರು. ಕೈ ಮೀರಿದೆ, ದೀಪಾವಳಿ ಕಾಣುವುದು ಕಷ್ಟ ಎಂದರು. ಆಗಿನ್ನೂ ಬೇಸಿಗೆ. ಹೊರಗೆ ಬಂದ ವಹಿನಿ ಅಳಲಿಲ್ಲ. ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ, "ಮಾಸ್ತರ್ರ, ಇವರಿಗೆ ಗೊತ್ತಾಗಬಾರದು. ಹೊಟ್ಟ್ಯಾಗ ಹುಣ್ಣ ಆಗೈತಿ ಅಂತ ಹೇಳೂಣು. ಗೊತ್ತಾತಂದ್ರ ಇವತ್ತ ಕುಸದ ಹೋಗ್ತಾರ. ಇರೂ ತನಕ ನಕ್ಕೋತ ಇರಲಿ" ಎಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಾನು ಒಪ್ಪಿದೆನೆಂದು ಅವರು ತಿಳಿದರು.

ಅದಾಗಿ ಸ್ವಲ್ಪ ದಿನಕ್ಕೆ ಪುಂಡಲೀಕ "ಜಾಂಬೋಟಿ ಕಡೆ ಹೋಗಿ ಬರೂಣು ನಡಿ" ಎಂದು ನನ್ನನ್ನು ಕರೆದುಕೊಂಡು ಹೊರಟ. ಅವನೇ ಓಡಿಸುತ್ತಿದ್ದ. ಅಂಗಿಯೊಳಗೆ ಮೈ ಇಳಿದುಹೋಗಿತ್ತು. ಕಾಡು ಸುರುವಾಗುವಲ್ಲಿ ಮೋರಿಯ ಪಕ್ಕ ಕಾರು ನಿಲ್ಲಿಸಿದ.

"ಮಾಸ್ತರ, ಹುಣ್ಣ ಅಂತ ಹೇಳ್ಯಾರ ನನಗ. ಬರೇ ಹುಣ್ಣಿಗೆ ಇಷ್ಟ ಮಂದಿ ಮಾತಾಡ್ಸಾಕ ಬರ್ತಾರೇನ?"

ನಾನು ಕಿಟಕಿಯ ಗಾಜು ಇಳಿಸಿದೆ.

"ಎಷ್ಟ ಸುತ್ತ ಉಳದಾವ, ಹೇಳು."

"ಪುಂಡಲೀಕ, ಬ್ಯಾಡೋ."

"ಅಲ್ಲೋ, ನಿನ್ನ ಬಿಟ್ರ ಯಾರನ್ನ ಕೇಳ್ಲಿ? ನೀ ಯಾವತ್ತರ ನನಗ ಸುಳ್ಳ ತೋರಿಸೀಯೇನ?"

ಹೇಳಿದೆ. ಡಾಕ್ಟರು ಹೇಳಿದ್ದನ್ನು ಹಾಗೆಯೇ ಹೇಳಿದೆ. ಗಡ್ಡೆ ಎಂದೆ. ದೀಪಾವಳಿ ಕಾಣೂದು ಕಠಿಣ ಅಂದಾರ ಎಂದೆ. ಅವನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಖರೇ?" ಎಂದ. "ಖರೇ" ಎಂದೆ. ನನಗೆ ಅಳು ತಡೆಯಲಿಲ್ಲ, ಮುದುಕ ಮಾಸ್ತರ ಮಕ್ಕಳ ಹಾಗೆ ಅತ್ತೆ. ಅವನು ನನ್ನ ಬೆನ್ನ ಮೇಲೆ ಕೈ ಇಟ್ಟು, "ಮಳಿಗಾಲ ಸಿಗತೈತಲ್ಲೋ. ಟೈಮ್ ಐತಿ. ಸುಮ್ನಿರು, ಸುಮ್ನಿರು" ಎಂದ. ಇವತ್ತು ಯಾರು ಕೇಳಿದರೂ ಹೇಳುತ್ತೇನೆ, ನಾನು ಹೇಳಿದ್ದು ಸರಿ. ಅವನು ಮತ್ತೆ ಕೇಳಿದರೆ ಮತ್ತೆ ಹೇಳುತ್ತೇನೆ.

ಸಿಕ್ಕ ಟೈಮಿನಲ್ಲಿ ಅವನು ಏನು ಮಾಡಿದ ಗೊತ್ತೇ? ವಹಿನಿಗೆ ಕಾರು ಕಲಿಸಲು ಹಿಡಿದ. ಜೀವಮಾನವಿಡೀ ಅವನ ಎಡಕ್ಕೆ ಕೂತು ಬಂದ ಹೆಂಗಸು, ಒಮ್ಮೆಯೂ ಸ್ಟೀರಿಂಗ್ ಮುಟ್ಟಿದವರಲ್ಲ. "ಈ ವಯಸ್ಸಿನ್ಯಾಗ ನನಗ್ಯಾಕ್ರಿ ಈ ಉಸಾಬರಿ?" ಎಂದು ಎಷ್ಟು ಜಗಳಾಡಿದರೂ ಬಿಡಲಿಲ್ಲ. ಮೊದಲು ಭಟ್ಟಿಯ ಬಯಲಿನಲ್ಲಿ, ಆಮೇಲೆ ಊರ ಹೊರಗಿನ ರಸ್ತೆಯಲ್ಲಿ. ರವಿವಾರ ನಾನು ಹಿಂದಿನ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಅವನು ಒಂದೂ ಹಂಚು ಎಣಿಸಲಿಲ್ಲ. "ಭೇಷ್, ಹಂಗ, ಹಗೂರಕ ಬಿಡು ಕ್ಲಚ್" ಎಂದು ಸಮಾಧಾನದಿಂದ ಹೇಳುತ್ತಿದ್ದ.

ವಹಿನಿ ದಡ್ಡರಲ್ಲ. ಒಂದು ದಿನ ಅವರೇ ಓಡಿಸಿಕೊಂಡು ದೇಸೂರಿನ ತನಕ ಬಂದು, ಕಾರನ್ನು ರಸ್ತೆಯ ಪಕ್ಕ ನಿಲ್ಲಿಸಿ, "ನಿಮಗ ಗೊತ್ತಾಗೈತಿ, ಹೌದಲ್ರಿ? ಅದಕ್ಕ ನನಗ ಕಲಸಾಕತ್ತೀರಿ" ಎಂದು ಕೇಳಿದರಂತೆ. ಅವನು ಏನೂ ಹೇಳಲಿಲ್ಲವಂತೆ. ಇದನ್ನೆಲ್ಲ ಆಮೇಲೆ ಪುಂಡಲೀಕನೇ ನನಗೆ ಹೇಳಿದ. ಆ ಸಂಜೆ ವಹಿನಿಯ ಫೋನ್ ಬಂತು. "ಮಾಸ್ತರ್ರ, ಇನ್ನ ಮ್ಯಾಲ ನಮ್ಮ ಮನೀಗೆ ಬರಬ್ಯಾಡ್ರಿ. ನಾ ಕೈ ಮುಗದ ಕೇಳಿದ್ದು ಒಂದ ಮಾತು, ಅದೂ ನಿಮ್ಮ ಕಡಿಂದ ಆಗ್ಲಿಲ್ಲ" ಎಂದರು. ಇಟ್ಟುಬಿಟ್ಟರು.

ರವಿವಾರ ಎನ್ನುವುದು ಎಷ್ಟು ಉದ್ದದ ದಿನ ಎಂದು ನನಗೆ ಆಗ ಗೊತ್ತಾಯಿತು. ಖಾನಾವಳಿಯಿಂದ ಡಬ್ಬಿ ತರಿಸಿ, ಅರ್ಧ ಉಂಡು, ಉಳಿದದ್ದು ನಾಯಿಗೆ ಹಾಕುತ್ತಿದ್ದೆ. ಪುಂಡಲೀಕ ಫೋನ್ ಮಾಡುತ್ತಿದ್ದ. "ಸಿಟ್ಟ ಇಳೀತೈತಿ, ತಡಿ. ನಾ ಹೇಳ್ತೀನಿ ಅಕಿಗೆ" ಎನ್ನುತ್ತಿದ್ದ. ದಿನದಿಂದ ದಿನಕ್ಕೆ ಅವನ ದನಿ ಸಣ್ಣದಾಗುತ್ತ ಹೋಯಿತು. ಸಿಟ್ಟು ಇಳಿಯಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ನನ್ನದೂ ಇಳಿಯುತ್ತಿರಲಿಲ್ಲವೇನೋ.

ಮಳೆಗಾಲದಲ್ಲಿ ಅವನನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆತರುತ್ತಿದ್ದರು. ದಾರಿ ನನ್ನ ಮನೆಯ ಮುಂದೆಯೇ. ಒಂದು ದಿನ ಹಾಲು ತರಲು ಹೊರಗೆ ಬಂದವನಿಗೆ ಆ ಕುಂಬಳಕಾಯಿ ಬಣ್ಣದ ಕಾರು ಕಂಡಿತು. ಓಡಿಸುತ್ತಿದ್ದವರು ವಹಿನಿ! ಕೋಲು ನುಂಗಿದವರಂತೆ ನೆಟ್ಟಗೆ ಕೂತು, ರಸ್ತೆ ಬಿಟ್ಟು ಆಚೀಚೆ ನೋಡದೆ ಬರುತ್ತಿದ್ದರು. ಪಕ್ಕದಲ್ಲಿ ಅವನು. ನನ್ನನ್ನು ನೋಡಿ ಕೈ ಎತ್ತಿದ. ಕಾರು ನಿಲ್ಲಲಿಲ್ಲ. ಆಮೇಲಿಂದ ಪ್ರತಿ ವಾರ ಅದೇ ದಿನ ನಾನು ಕೊಡೆ ಹಿಡಿದು ಗೇಟಿನಲ್ಲಿ ನಿಲ್ಲುತ್ತಿದ್ದೆ. ವಹಿನಿ ನನ್ನ ಕಡೆ ನೋಡುತ್ತಿರಲಿಲ್ಲ, ಆದರೆ ನಮ್ಮ ಗೇಟಿನ ಮುಂದೆ ಕಾರು ಸ್ವಲ್ಪ ನಿಧಾನ ಆಗುತ್ತಿತ್ತು. ಕೊನೆಯ ಸಲ ಅವನ ಸೀಟನ್ನು ಹಿಂದಕ್ಕೆ ಮಲಗಿಸಿದ್ದರು. ಕೈ ಎತ್ತಲು ಆಗಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ಹೊರಳಿತು. ಕಾರು ಹೋಯಿತು. ಅದೇ ಕೊನೆಯ ಭೇಟಿ, ಅದನ್ನು ಭೇಟಿ ಎನ್ನುವುದಾದರೆ.

ಗಣಪತಿ ಹಬ್ಬ ಮುಗಿದ ಮೇಲೆ ಪುಂಡಲೀಕ ತೀರಿಹೋದ. ಖಾನಾಪುರಕ್ಕೆ ಹೋದೆ. ಅವನ ಮನೆಯ ಅಂಗಳದಲ್ಲಿ ಊರವರ ಹಿಂದೆ ನಿಂತು ನೋಡಿ, ಸುಡುಗಾಡಿನಲ್ಲಿ ಮಣ್ಣು ಹಾಕಿ, ಊರವರ ಜೊತೆಯಲ್ಲೇ ವಾಪಸು ಬಂದೆ. ಒಳಗೆ ಕರೆಯುವವರು ಯಾರೂ ಇರಲಿಲ್ಲ.

ಮೊನ್ನೆ, ಶಿವರಾತ್ರಿ ಕಳೆದ ಮೇಲೆ, ಬೆಳಗಿನ ಹೊತ್ತು ಗೇಟಿನ ಮುಂದೆ ಹಾರ್ನ್ ಕೇಳಿಸಿತು. ವಹಿನಿ. ಒಬ್ಬರೇ. ನಾನು ಓಡುತ್ತ ಹೋದೆ. ಅವರು ಕೆಳಗಿಳಿಯಲಿಲ್ಲ.

"ಒಳಗ ಬರ್ರಿ ವಹಿನಿ, ಚಾ ಮಾಡ್ತೀನಿ."

"ಬ್ಯಾಡ್ರಿ. ಒಂದ ಮಾತ ಕೇಳಾಕ ಬಂದೀನಿ, ಮಾಸ್ತರ್ರ. ಖರೇ ಹೇಳ್ರಿ. ಅವರಾಗೇ ಕೇಳಿದ್ರೋ, ನೀವಾಗೇ ಹೇಳಿದ್ರೋ?"

"ಅವನಾಗೇ ಕೇಳಿದ, ವಹಿನಿ."

ಅವರು ಎದುರಿನ ಗಾಜಿನ ಕಡೆಗೇ ನೋಡುತ್ತಿದ್ದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನನ್ನ ಯಾಕ ಕೇಳ್ಲಿಲ್ರೀ? ದಿನಾ ಬಾಜೂಕ ಇದ್ನಿ. ಒಂದ ಸಲ ನನ್ನ ಕೇಳಿದ್ರ ನಾನೂ ಹೇಳಿಬಿಡ್ತಿದ್ನಿ. ಇಬ್ರೂ ಕುಂತ ಅಳತಿದ್ವಿ. ಅಷ್ಟ ದಿನಾ ಅವರ ಮುಂದ ನಾ ನಕ್ಕೋತ, ನನ್ನ ಮುಂದ ಅವರ ನಕ್ಕೋತ ಕಳದ್ವಿ. ಯಾಕ ಕೇಳ್ಲಿಲ್ಲ ಮಾಸ್ತರ್ರ ನನ್ನ?"

ಜೀವಮಾನವಿಡೀ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವನು ನಾನು. ಕಾರಿನ ಬಾಗಿಲ ಮೇಲೆ ಕೈ ಇಟ್ಟು ನಿಂತೆ.

"ಗೊತ್ತಿಲ್ಲ ವಹಿನಿ" ಎಂದೆ.

"ನಿಮಗೂ ಗೊತ್ತಿಲ್ಲ" ಎಂದರು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಸಿಟ್ಟಾದರೂ ಇರಬಾರದಿತ್ತೇ ಎನಿಸಿತು ನನಗೆ. ಕಾರು ಸುರು ಮಾಡಿ, ಕನ್ನಡಿ ನೋಡಿ, ಖಾನಾಪುರದ ಕಡೆ ಹೊರಟರು. ಅವರು ತಿರುವಿನಲ್ಲಿ ಮರೆಯಾಗುವ ತನಕ ನಾನು ರಸ್ತೆಯಲ್ಲೇ ನಿಂತಿದ್ದೆ. ಯಾಕೆ ಕೇಳಲಿಲ್ಲ ಎಂದು ಕೇಳಿ ತಿಳಿದುಕೊಳ್ಳಬಹುದಾದ ಮನುಷ್ಯ ನಮ್ಮಿಬ್ಬರಿಗೂ ಒಬ್ಬನೇ ಇದ್ದ.